ಅಳಿವೆಯ ಕೆಸರಿನಲ್ಲಿ ಎಷ್ಟು ಇಂಗಾಲವಿದೆ? ಅಳೆದು ನೋಡಲು ಒಂದು ಸಮಗ್ರ ಮಾರ್ಗದರ್ಶಿ

ಇಳಿತದ ಹೊತ್ತಿಗೆ ಕುಮಟಾ ಕಡೆಯ ಅಘನಾಶಿನಿ ಅಳಿವೆಗೆ ಹೋಗಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ಕೆಸರು ತೆಗೆಯಿರಿ. ಮೇಲಿನ ಎರಡು ಬೆರಳಿನಷ್ಟು ಕೆಸರು ಕಂದು. ಅದರ ಕೆಳಗಿನದು ಕಾಡಿಗೆಯ ಹಾಗೆ ಕಪ್ಪು. ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ. ಬೆರಳ ನಡುವೆ ತಿಕ್ಕಿದರೆ ತೆಂಗಿನ ನಾರಿನಂಥ ಎಳೆಗಳು ಸಿಗುತ್ತವೆ. ಅವು ಎಂದೋ ಸತ್ತ ಬೇರುಗಳು. ಸತ್ತರೂ ಪೂರ್ತಿ ಕೊಳೆತು ಹೋಗಿಲ್ಲ.

ಹಿತ್ತಲ ಗೊಬ್ಬರದ ಗುಂಡಿಯಲ್ಲಿ ಸೊಪ್ಪು ಹಾಕಿದರೆ ಕೆಲವೇ ತಿಂಗಳಲ್ಲಿ ಕರಗುತ್ತದೆ. ಅದರೊಳಗಿನ ಇಂಗಾಲದ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅಳಿವೆಯ ಕೆಸರಿನಲ್ಲಿ ಹಾಗಾಗುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಕೆಸರು ಯಾವಾಗಲೂ ನೆನೆದೇ ಇರುತ್ತದೆ, ಒಳಗೆ ಆಮ್ಲಜನಕ ಇಳಿಯುವುದಿಲ್ಲ. ಆಮ್ಲಜನಕ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಉಪ್ಪುನೀರಿನ ಸಲ್ಫೇಟ್ ಬಳಸಿಕೊಂಡು ನಿಧಾನವಾಗಿ ಕೆಲಸ ಮಾಡುತ್ತವೆ. ಆ ಮೊಟ್ಟೆ ವಾಸನೆ ಅವುಗಳದ್ದೇ. ಹೀಗೆ ಬೇರು, ಎಲೆ, ಹೊಳೆ ತಂದ ಕಸ ಎಲ್ಲ ಪದರ ಪದರವಾಗಿ ನೂರಾರು ವರ್ಷ ಕೂತಿರುತ್ತವೆ.

ಇದಕ್ಕೆ 2009ರಲ್ಲಿ ಬಂದ ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿಯೊಂದು ‘ನೀಲಿ ಇಂಗಾಲ’ ಎಂಬ ಹೆಸರನ್ನು ಜನಪ್ರಿಯ ಮಾಡಿತು. ಕಾಂಡ್ಲಾ ಕಾಡು, ಉಬ್ಬರದ ಜೌಗು, ಕಡಲಹುಲ್ಲಿನ ಬಯಲು ಈ ಮೂರೂ ಇದರಲ್ಲಿ ಸೇರುತ್ತವೆ. ಈಗ ಎಲ್ಲ ಕಡೆ ಈ ಮಾತು ಕೇಳಿಬರುತ್ತಿದೆ. ಆದರೆ ಹೆಚ್ಚಿನವರ ಕಣ್ಣು ಗಿಡದ ಮೇಲೆ. ಎಷ್ಟು ಸಸಿ ನೆಟ್ಟೆವು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಕೆಸರಿನ ಲೆಕ್ಕ ಯಾರೂ ಕೇಳುವುದಿಲ್ಲ. ನನಗೆ ಬೇಸರವಾಗುವುದು ಇಲ್ಲೇ. ಗಂಟು ಇರುವುದು ಕೆಸರಿನಲ್ಲಿ. ಅದನ್ನು ಅಳೆಯುವ ವಿಧಾನ ಕಾಲೇಜಿನ ಒಂದು ತಂಡಕ್ಕೆ, ಆಸಕ್ತಿ ಇರುವ ಊರಿನವರಿಗೆ ಕೈಗೆಟುಕುವಂಥದ್ದೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮುನ್ನ: ಏನನ್ನು ಅಳೆಯುತ್ತಿದ್ದೇವೆ?

ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಈಗ ಕೆಸರಿನಲ್ಲಿ ಒಟ್ಟು ಎಷ್ಟು ಇಂಗಾಲ ಇದೆ? ಇದು ದಾಸ್ತಾನು. ಇನ್ನೊಂದು, ವರ್ಷ ವರ್ಷ ಎಷ್ಟು ಸೇರುತ್ತಿದೆ? ಇದು ವೇಗ. ಕಣಜದಲ್ಲಿರುವ ಭತ್ತ ಬೇರೆ, ಈ ವರ್ಷದ ಬೆಳೆ ಬೇರೆ, ಅಲ್ವಾ? ಪತ್ರಿಕೆಯಲ್ಲಿ ಬರುವ ಅಂಕಿಗಳಲ್ಲಿ ಇವೆರಡೂ ಕಲಸಿಹೋಗಿರುವುದು ಜಾಸ್ತಿ.

ದಾಸ್ತಾನಿಗೆ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2013ರಲ್ಲಿ ಸರಾಸರಿ ಅಂಕಿ ಕೊಟ್ಟಿದೆ. ಮೇಲಿನ 1 ಮೀಟರ್ ಮಣ್ಣಿನಲ್ಲಿ ಹೆಕ್ಟೇರಿಗೆ ಕಾಂಡ್ಲಾ ಕಾಡಿನಲ್ಲಿ 386 ಟನ್, ಉಬ್ಬರದ ಜೌಗಿನಲ್ಲಿ 255 ಟನ್, ಕಡಲಹುಲ್ಲಿನ ಬಯಲಲ್ಲಿ 108 ಟನ್ ಇಂಗಾಲ. ಇವು ಇಡೀ ಜಗತ್ತಿನ ಸರಾಸರಿ. ನಿಮ್ಮ ಅಳಿವೆಯಲ್ಲಿ ಇದರ ಅರ್ಧವೂ ಇರಬಹುದು, ಎರಡು ಪಟ್ಟೂ ಇರಬಹುದು. ಅಳೆಯಬೇಕಾಗಿರುವುದು ಅದಕ್ಕೇ.

ವೇಗಕ್ಕೆ 2011ರ ಒಂದು ಅಧ್ಯಯನದ ಅಂಕಿಗಳು ತುಂಬ ಪ್ರಸಿದ್ಧ. ಚದರ ಮೀಟರಿಗೆ ವರ್ಷಕ್ಕೆ ಜೌಗಿನಲ್ಲಿ ಸುಮಾರು 218 ಗ್ರಾಂ, ಕಾಂಡ್ಲಾದಲ್ಲಿ 226, ಕಡಲಹುಲ್ಲಿನಲ್ಲಿ 138 ಗ್ರಾಂ ಇಂಗಾಲ ಮಣ್ಣಿನಲ್ಲಿ ಹೂತುಹೋಗುತ್ತದೆ. ಒಳನಾಡಿನ ಕಾಡಿನ ಮಣ್ಣಿನಲ್ಲಿ ಇದು 4-5 ಗ್ರಾಂ ಮಾತ್ರ. ಇದನ್ನು ಹಿಡಿದುಕೊಂಡು ‘ಕಾಡಿಗಿಂತ 40 ಪಟ್ಟು ಒಳ್ಳೆಯದು’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಕಾಡು ತನ್ನ ಇಂಗಾಲವನ್ನು ಮರದ ಕಾಂಡದಲ್ಲೂ ಇಡುತ್ತದೆ. ಇಲ್ಲಿ ಹೋಲಿಸಿರುವುದು ಮಣ್ಣಿನೊಳಗೆ ದೀರ್ಘಕಾಲ ಹೂತುಹೋಗುವುದನ್ನು ಮಾತ್ರ.

ಈ ಲೇಖನದ ಹೆಚ್ಚಿನ ಭಾಗ ದಾಸ್ತಾನಿನ ಬಗ್ಗೆ. ಕೆಸರಿಗೆ ಕೊಳವೆ ಇಳಿಸಿ ಮಾದರಿ ಎತ್ತಿ, ಒಣಗಿಸಿ, ಸುಟ್ಟು, ತೂಗಿ ಅದನ್ನು ಲೆಕ್ಕ ಹಾಕುತ್ತೇವೆ.

ಹಂತ 1: ಅನುಮತಿ ಮತ್ತು ಊರಿನವರು

ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಕಾಂಡ್ಲಾ, ಉಪ್ಪುಜೌಗು, ಜೀವಿಗಳಿರುವ ಕೆಸರುಬಯಲು, ಕಡಲಹುಲ್ಲು ಎಲ್ಲವೂ ಅತಿ ಸೂಕ್ಷ್ಮ ವರ್ಗದಲ್ಲಿವೆ. ಕಾಂಡ್ಲಾ ಕಾಡು ಇರುವ ಕಡೆ ಅರಣ್ಯ ಇಲಾಖೆಗೆ ಬರೆದು ಒಪ್ಪಿಗೆ ಪಡೆಯಿರಿ. ಎಷ್ಟು ಕೊಳವೆ, ಎಷ್ಟು ಆಳ, ಯಾವ ದಿನ ಅಂತ ಪತ್ರದಲ್ಲಿ ಸ್ಪಷ್ಟವಾಗಿರಲಿ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಗಳ ಪಟ್ಟಿಗೆ, ಸೇರಿದೆ. ಅದರ ವಿಸ್ತಾರ 4,801 ಹೆಕ್ಟೇರ್. ಅಲ್ಲಿ ಸುಮ್ನೆ ಹೋಗಿ ಅಗೆಯುವ ಹಾಗಿಲ್ಲ.

ಅದಕ್ಕಿಂತ ಮುಖ್ಯ, ಅಲ್ಲಿ ಬಳಚು (ಚಿಪ್ಪುಮೀನು) ಆರಿಸುವವರನ್ನು, ಮೀನು ಹಿಡಿಯುವವರನ್ನು, ಗಜನಿ ಗದ್ದೆಯವರನ್ನು ಮಾತಾಡಿಸಿ. ಯಾವ ಕಡೆ ಕೆಸರು ಸೊಂಟದವರೆಗೆ ಇಳಿಯುತ್ತದೆ, ಎಲ್ಲಿ ಚಿಪ್ಪು ಕಾಲು ಕೊಯ್ಯುತ್ತದೆ, ಯಾವ ಜಾಗದಲ್ಲಿ 20 ವರ್ಷದ ಹಿಂದೆ ಕಟ್ಟು ಒಡೆದಿತ್ತು, ಇದೆಲ್ಲ ಅವರಿಗೆ ಗೊತ್ತು. ನಕ್ಷೆಯಲ್ಲಿ ಇದು ಸಿಗುವುದಿಲ್ಲ. ಅವರಲ್ಲಿ ಒಬ್ಬರನ್ನು ದಿನದ ಕೂಲಿ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳಿ.

ಹಂತ 2: ಜಾಗವನ್ನು ವಿಂಗಡಿಸುವುದು

ಅಳಿವೆ ಅಂದರೆ ಒಂದೇ ಥರದ ನೆಲವಲ್ಲ. ಅಘನಾಶಿನಿಯಲ್ಲಿ ನಾನಾದರೆ ಕನಿಷ್ಠ ಐದು ಭಾಗ ಮಾಡುತ್ತೇನೆ. ಹೊಳೆಯಂಚಿನ ಕಾಂಡ್ಲಾ ಪಟ್ಟಿ, ಅದರ ಹಿಂದಿನ ಹುಲ್ಲು ಮತ್ತು ಜೇಕಿನ ಜೌಗು, ಕಗ್ಗ ಭತ್ತ ಬೆಳೆಯುವ ಗಜನಿ, ಪಾಳು ಬಿದ್ದ ಗಜನಿ, ಗಿಡವೇ ಇಲ್ಲದ ಬೋಳು ಕೆಸರುಬಯಲು.

ಗಜನಿಯನ್ನು ಬಿಡಲೇಬಾರದು. ಇದು ಉಬ್ಬರದ ಜೌಗಿಗೆ ಮಣ್ಣಿನ ಕಟ್ಟು ಹಾಕಿ ಮಾಡಿಕೊಂಡ ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು, ಸಿಗಡಿ. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟುಗಳನ್ನು ಕಟ್ಟಿಸಿತು. ನೀರು ಬಂದು ಹೋಗುವ ಗಜನಿಗೂ, ನೀರೇ ತಾಗದೆ ಒಣಗಿ ಬಿರಿದ ನೆಲಕ್ಕೂ ಇಂಗಾಲದಲ್ಲಿ ವ್ಯತ್ಯಾಸ ಇರಬೇಕು. ಒಣಗಿದರೆ ಆಮ್ಲಜನಕ ಒಳಗಿಳಿಯುತ್ತದೆ, ಹಳೆಯ ಇಂಗಾಲ ಕರಗತೊಡಗುತ್ತದೆ. ಅಳತೆಯಲ್ಲಿ ಅದು ಎಷ್ಟು ಕಾಣುತ್ತದೆ ಎಂಬುದು ನಿಮ್ಮ ಕೆಲಸದ ಅತಿ ಬೆಲೆಬಾಳುವ ಉತ್ತರವಾಗಬಹುದು.

ಪ್ರತಿ ಭಾಗದಲ್ಲೂ ಕನಿಷ್ಠ 3 ಕಡೆ ಕೊಳವೆ ಇಳಿಸಿ. ಸಾಧ್ಯವಾದರೆ 5. ಜಾಗವನ್ನು ಮನೆಯಲ್ಲೇ ನಕ್ಷೆಯ ಮೇಲೆ ಚೀಟಿ ಎತ್ತಿ ಆರಿಸಿ, ಜಿಪಿಎಸ್‌ನಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಗೆ ಹೋದ ಮೇಲೆ ‘ಇಲ್ಲಿ ಕೆಸರು ಚೆನ್ನಾಗಿದೆ’ ಅಂತ ಬದಲಾಯಿಸಿದರೆ ಲೆಕ್ಕ ಕೆಟ್ಟಿತು ಅಂತಲೇ ಅರ್ಥ. ಕಪ್ಪು ಕೆಸರು ಎಲ್ಲಿದೆಯೋ ಅಲ್ಲಿಗೆ ಕೈ ತಾನಾಗಿ ಹೋಗುತ್ತದೆ.

ಬೋಳು ಕೆಸರುಬಯಲಿನ ಮಾದರಿ ಯಾಕೆ ಅಂತ ಕೇಳುತ್ತಾರೆ. ಹೊಳೆ ತಾನೇ ಹೊತ್ತು ತಂದ ಇಂಗಾಲ ಎಷ್ಟು ಅಂತ ಗೊತ್ತಾಗುವುದು ಅಲ್ಲಿಂದ.

ಹಂತ 3: ಸಾಮಾನು

ಸುಮಾರು 120 ಸೆಂ.ಮೀ. ಉದ್ದದ, ಒಳಗಿನ ವ್ಯಾಸ 5 ಸೆಂ.ಮೀ. ಅಥವಾ ಜಾಸ್ತಿ ಇರುವ ದಪ್ಪ ಪಿವಿಸಿ ಅಥವಾ ಅಲ್ಯೂಮಿನಿಯಂ ಕೊಳವೆ. ಕೆಳಗಿನ ಅಂಚನ್ನು ಹೊರಗಡೆಯಿಂದ ಉಜ್ಜಿ ಹರಿತ ಮಾಡಿ. ಮೇಲೆ ಬಿಗಿಯಾಗಿ ಕೂರುವ ರಬ್ಬರ್ ಬಿರಡೆ, ಕೆಳಗೆ ಮುಚ್ಚಲು ಕ್ಯಾಪ್. ಬಡಿಯಲು ಮರದ ಕೊಡತಿ. ಅಳತೆ ಪಟ್ಟಿ, ಹಲ್ಲಿರುವ ಚಾಕು, ಜಿಪ್ ಚೀಲ, ಐಸ್ ಪೆಟ್ಟಿಗೆ. ಮಂಡಿಯೂರಲು ಎರಡು ಅಗಲ ಹಲಗೆ. ಹಲಗೆ ಇಲ್ಲದಿದ್ದರೆ ನಿಮ್ಮ ಕಾಲ ತುಳಿತದಿಂದಲೇ ಮಾದರಿಯ ಮೇಲ್ಪದರ ಹಾಳಾಗುತ್ತದೆ.

ಕೊಳವೆಯ ಒಳವ್ಯಾಸವನ್ನು ಅಂಗಡಿಯವರ ಮಾತಿನ ಮೇಲೆ ಬರೆದುಕೊಳ್ಳಬೇಡಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 5 ಸೆಂ.ಮೀ. ಕೊಳವೆಯಲ್ಲಿ 1 ಮಿಲಿಮೀಟರ್ ತಪ್ಪಿದರೆ ಗಾತ್ರದಲ್ಲಿ 4% ತಪ್ಪುತ್ತದೆ.

ಬರೆಯಲು ಪೆನ್ಸಿಲ್. ಇದನ್ನು ಒತ್ತಿ ಹೇಳುತ್ತೇನೆ. ಒಮ್ಮೆ ನಾವು ಇಂಕಿನ ಪೆನ್ನಿನಲ್ಲಿ ಚೀಟಿ ಬರೆದು ಚೀಲದೊಳಗೆ ಹಾಕಿದ್ದೆವು. ಸಂಜೆ ಬಿಚ್ಚಿದರೆ ಎಲ್ಲವೂ ನೀಲಿ ಕಲೆ. ಯಾವ ಚೀಲ ಯಾವ ಆಳದ್ದು ಅಂತ ಗೊತ್ತಾಗದೆ ಎರಡು ದಿನದ ಕೆಲಸವನ್ನು ಎಸೆಯಬೇಕಾಯಿತು. ಆಗಿನಿಂದ ಚೀಲದ ಒಳಗೊಂದು ಪೆನ್ಸಿಲ್ ಚೀಟಿ, ಹೊರಗೊಂದು ಮಾರ್ಕರ್ ಗುರುತು.

ಹಂತ 4: ಹೊತ್ತು

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ಸರ್ವೇ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರ-ಇಳಿತದ ಕೋಷ್ಟಕದಲ್ಲಿ ಕಾರವಾರ ಬಂದರಿನ ಹೊತ್ತು ಸಿಗುತ್ತದೆ. ಅಳಿವೆಯ ಒಳಗೆ ಹೋದಂತೆ ಇಳಿತ ತಡವಾಗುತ್ತದೆ, ಅದನ್ನು ಊರಿನವರಲ್ಲಿ ಕೇಳಿ ಸರಿಪಡಿಸಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ. ಇಳಿತದ ತಳಕ್ಕೆ ಎರಡು ಗಂಟೆ ಮುಂಚೆ ಶುರು ಮಾಡಿ. ನೀರು ತಿರುಗಿದ ಕೂಡಲೇ, ಕೆಲಸ ಎಷ್ಟೇ ಉಳಿದಿರಲಿ, ಹೊರಡಿ. ಕೆಸರಿನಲ್ಲಿ ಕಾಲು ಸಿಕ್ಕಿಕೊಂಡಾಗ ನೀರು ಏರುವುದು ತಮಾಷೆಯಲ್ಲ.

ಹಂತ 5: ಕೊಳವೆ ಇಳಿಸುವುದು

ಇಡೀ ಕೆಲಸದ ಗುಟ್ಟು ಇರುವುದು ಇಲ್ಲಿ. ಅವಸರ ಬೇಡ.

ಮೇಲೆ ಬಿದ್ದಿರುವ ಎಲೆ, ಕಡ್ಡಿಯನ್ನು ನಿಧಾನವಾಗಿ ಬದಿಗೆ ಸರಿಸಿ. ಕೊಳವೆಯನ್ನು ನೇರವಾಗಿ ನಿಲ್ಲಿಸಿ. ಮೊದಲು ಕೈಯಿಂದ ಒತ್ತುತ್ತ, ಅತ್ತಿತ್ತ ಸ್ವಲ್ಪ ತಿರುಗಿಸುತ್ತ ಇಳಿಸಿ. ಹರಿತವಾದ ಅಂಚು ಬೇರನ್ನು ಕತ್ತರಿಸುತ್ತ ಹೋಗಬೇಕು. ಬೇರನ್ನು ಕೆಳಗೆ ತಳ್ಳಿದರೆ ಅದು ಬಿರಡೆಯ ಹಾಗೆ ಕೂತು ಉಳಿದ ಕೆಸರು ಒಳಗೆ ಬರುವುದೇ ಇಲ್ಲ. ಕೈಯಿಂದ ಇಳಿಯದಾದಾಗ ಮಾತ್ರ ಮೇಲೆ ಮರದ ತುಂಡು ಇಟ್ಟು ಕೊಡತಿಯಿಂದ ಸಣ್ಣ ಸಣ್ಣ ಪೆಟ್ಟು. ದಪ್ಪ ಬೇರು ಅಡ್ಡ ಬಂದರೆ ಒಂದು ಮಾರು ಸರಿದು ಹೊಸದಾಗಿ ಶುರು ಮಾಡಿ, ಸರಿದದ್ದನ್ನು ಬರೆದುಕೊಳ್ಳಿ.

ಕೊಳವೆ 1 ಮೀಟರ್ ಇಳಿಯಿತು ಅಂತಿಟ್ಟುಕೊಳ್ಳಿ. ಈಗ ಎರಡು ಅಳತೆ ತೆಗೆಯಬೇಕು. ಕೊಳವೆಯ ಹೊರಗಡೆ, ಬಾಯಿಂದ ಕೆಸರಿನ ಮೇಲ್ಮೈಗೆ ಎಷ್ಟು? ಕೊಳವೆಯ ಒಳಗಡೆ, ಬಾಯಿಂದ ಕೆಸರಿಗೆ ಎಷ್ಟು? ಎರಡೂ ಒಂದೇ ಇರುವುದು ಅಪರೂಪ. ಒಳಗಿನ ಕೆಸರು ಒತ್ತಡಕ್ಕೆ ಕುಗ್ಗಿರುತ್ತದೆ. ಹೊರಗೆ 20 ಸೆಂ.ಮೀ., ಒಳಗೆ 32 ಸೆಂ.ಮೀ. ಬಂತು ಅನ್ನಿ. 100 ಸೆಂ.ಮೀ. ಕೆಸರು 88 ಸೆಂ.ಮೀ. ಆಗಿ ಕುಗ್ಗಿದೆ. ಕುಗ್ಗಿದ ಪ್ರಮಾಣ 0.88. ಈ ಸಂಖ್ಯೆ ಪುಸ್ತಕದಲ್ಲಿ ಬರೆಯದೇ ಇದ್ದರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಕುಗ್ಗುವಿಕೆ ಇದಕ್ಕಿಂತ ತುಂಬ ಜಾಸ್ತಿ ಕಂಡರೆ ಆ ಮಾದರಿ ಬಿಟ್ಟು ಪಕ್ಕದಲ್ಲಿ ಇನ್ನೊಂದು ತೆಗೆಯಿರಿ. ಅಗಲದ ಕೊಳವೆಯಲ್ಲಿ ಕುಗ್ಗುವುದು ಕಡಿಮೆ. ಹಣ ಇರುವ ತಂಡಗಳು ಅರ್ಧ ತೆರೆದ ಉಕ್ಕಿನ ಆಗರ್ (ಮಣ್ಣಿನ ಮಾದರಿ ತೆಗೆಯುವ ಸಾಧನ) ಬಳಸುತ್ತವೆ. ಅದರಲ್ಲಿ ಕುಗ್ಗುವ ತೊಂದರೆ ಅಷ್ಟಿಲ್ಲ.

ಈಗ ಕೊಳವೆಯಲ್ಲಿ ಉಳಿದ ಜಾಗಕ್ಕೆ ನೀರು ತುಂಬಿ ರಬ್ಬರ್ ಬಿರಡೆಯಿಂದ ಬಿಗಿ ಮಾಡಿ. ಒಳಗೆ ಗಾಳಿ ಹೋಗದಿದ್ದರೆ ಕೆಸರು ಜಾರಿ ಬೀಳುವುದಿಲ್ಲ. ಕೊಳವೆಯ ಪಕ್ಕದಲ್ಲಿ ಕೈ ಇಳಿಸಿ ಅಂಟಿದ ಕೆಸರನ್ನು ಸಡಿಲಿಸಿ. ಒಂದು ಸುತ್ತು ತಿರುಗಿಸಿ. ಆಮೇಲೆ ಇಬ್ಬರು ಸೇರಿ ನಿಧಾನವಾಗಿ ಎತ್ತಿ. ತುದಿ ಹೊರಬರುವಾಗ ‘ಪಳಕ್’ ಅಂತ ಸದ್ದಾಗುತ್ತದೆ. ಆ ಕ್ಷಣಕ್ಕೆ ಮೂರನೆಯವರ ಅಂಗೈ ಅಡಿಗೆ ಸಿದ್ಧವಾಗಿರಬೇಕು, ತಕ್ಷಣ ಕ್ಯಾಪ್ ಹಾಕಬೇಕು. ಇಲ್ಲದಿದ್ದರೆ ತಳದ ಒಂದು ಗೇಣು ಕೆಸರು ನಿಮ್ಮ ಕಣ್ಣೆದುರೇ ಜಾರಿ ಬಿದ್ದು ಹೋಗುತ್ತದೆ.

ತೆಗೆದ ಗುಂಡಿಯನ್ನು ಪಕ್ಕದ ಕೆಸರಿನಿಂದ ಮುಚ್ಚಿ.

ಹಂತ 6: ತುಂಡು ಮಾಡುವುದು

ಕೊಳವೆಯನ್ನು ನೆರಳಿಗೆ ತಂದು, ಅಡಿಯಿಂದ ತಳ್ಳುಗೋಲು ಹಾಕಿ ಕೆಸರಿನ ಕಂಬವನ್ನು ಪೂರ್ತಿಯಾಗಿ ಹೊರಗೆ ತನ್ನಿ. ಚಾಕುವಿನಿಂದ ಮೇಲ್ಮೈ ಹೆರೆದು ಒಂದು ಫೋಟೋ ತೆಗೆಯಿರಿ. ಬಣ್ಣ ಎಲ್ಲಿ ಬದಲಾಯಿತು, ಚಿಪ್ಪು ಎಷ್ಟು ಆಳದಲ್ಲಿದೆ, ಮರಳಿನ ಪದರ ಎಲ್ಲಿದೆ ಎಂದು ಬರೆಯಿರಿ. ಒಮ್ಮೆ ಹಳೆಯ ಗಜನಿಯೊಂದರ ಕಂಬದಲ್ಲಿ ಮೊಳದಷ್ಟು ಆಳದಲ್ಲಿ ಭತ್ತದ ಹುಲ್ಲಿನ ಬುಡ ಹಾಗೇ ಸಿಕ್ಕಿತ್ತು. ಬೆರಳಲ್ಲಿ ಹಿಡಿದು ನೋಡಿದರೆ ಗಂಟು ಗಂಟಾಗಿ ಬುಡ, ಬೇರಿನ ಗೊಂಚಲು, ಎಲ್ಲವೂ ಸರಿಯಾಗಿತ್ತು. ಬಣ್ಣ ಮಾತ್ರ ಇದ್ದಿಲು.

ಸಾಮಾನ್ಯವಾಗಿ ನಾಲ್ಕು ಪದರ ಮಾಡುತ್ತಾರೆ: 0-15, 15-30, 30-50, 50-100 ಸೆಂ.ಮೀ. ಪ್ರತಿ ಪದರದ ನಡುವಿನಿಂದ ಸರಿಯಾಗಿ 5 ಸೆಂ.ಮೀ. ತುಂಡು. ಪದರಗಳ ಅಂಕಿಗಳು ನಿಜವಾದ ನೆಲದ ಆಳಗಳು; ತುಂಡಿನ 5 ಸೆಂ.ಮೀ. ಮಾತ್ರ ಕುಗ್ಗಿದ ಕಂಬದ ಮೇಲಿನ ಅಳತೆ. ಕುಗ್ಗಿದ ಕಂಬದಲ್ಲಿ ಜಾಗ ಗುರುತಿಸಲು 0.88ರಿಂದ ಗುಣಿಸಿಕೊಳ್ಳಿ. ತುಂಡನ್ನು ಚೀಲಕ್ಕೆ ಹಾಕಿ ಐಸ್ ಪೆಟ್ಟಿಗೆಗೆ. ಬಿಸಿಲಲ್ಲಿ ಇಟ್ಟರೆ ಸೂಕ್ಷ್ಮಜೀವಿಗಳು ಅಲ್ಲೇ ಇಂಗಾಲ ತಿನ್ನತೊಡಗುತ್ತವೆ.

ಕಡಲಹುಲ್ಲಾದರೆ ಬೇರೆ ಜಾಗ್ರತೆ

ಕಡಲಹುಲ್ಲು ಪಾಚಿಯಲ್ಲ. ಬೇರು, ಹೂವು, ಬೀಜ ಇರುವ ನಿಜವಾದ ಗಿಡ. ನಮ್ಮ ದೇಶದಲ್ಲಿ ದೊಡ್ಡ ಬಯಲುಗಳಿರುವುದು ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಒಡಿಶಾದ ಚಿಲಿಕಾ, ಲಕ್ಷದ್ವೀಪ ಮತ್ತು ಅಂಡಮಾನ್‌ನಲ್ಲಿ. ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಸಿಗುವುದು ಹ್ಯಾಲೋಫಿಲಾ ಬೆಕ್ಕಾರಿ ಎಂಬ ಪುಟ್ಟ ಜಾತಿ. ಕೆಸರುಬಯಲಿನ ಮೇಲೆ ಉಗುರಿನಷ್ಟು ಎಲೆ ಬಿಟ್ಟು ಹರಡಿರುತ್ತದೆ. ಗೊತ್ತಿಲ್ಲದವರು ಅದರ ಮೇಲೇ ನಡೆದುಹೋಗುತ್ತಾರೆ. ಜಗತ್ತಿನ ಮಟ್ಟದಲ್ಲಿ ಅಪಾಯಕ್ಕೆ ಒಳಗಾದ ಜಾತಿ ಇದು. ಕಂಡರೆ ಕಾಲಿಡುವ ಮುಂಚೆ ಫೋಟೋ ತೆಗೆದು ಜಾಗ ಗುರುತಿಸಿ.

ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿ.ಮೀ. ಕಡಲನ್ನು ಕಡಲಹಸುವಿನ (ಡ್ಯೂಗಾಂಗ್) ಸಂರಕ್ಷಣೆಗೆ ಮೀಸಲಿಟ್ಟಿದ್ದಾರೆ. ಕಡಲಹಸು ಮೇಯುವುದು ಈ ಹುಲ್ಲನ್ನೇ. ಅಲ್ಲಿ ಕೆಲಸ ಮಾಡಲು ಅನುಮತಿ ಇನ್ನೂ ಬಿಗಿ. ದೋಣಿಯ ಲಂಗರನ್ನು ಹುಲ್ಲಿನ ಮೇಲೆ ಇಳಿಸಬಾರದು, ಮರಳಿನ ಮೇಲೆ ಇಳಿಸಿ ಈಜಿಕೊಂಡು ಹೋಗಬೇಕು. 50 ಸೆಂ.ಮೀ. ಚೌಕಟ್ಟು ಇಟ್ಟು ಎಷ್ಟು ಭಾಗ ಹುಲ್ಲು ಮುಚ್ಚಿದೆ ಅಂತ ಮೊದಲು ಬರೆದುಕೊಳ್ಳಬೇಕು. ಮರಳು ಕೊಳವೆಯಿಂದ ಸುಲಭವಾಗಿ ಜಾರುವುದರಿಂದ ಎರಡೂ ಕ್ಯಾಪ್‌ಗಳನ್ನು ನೀರಿನೊಳಗೇ ಹಾಕಬೇಕು.

ಹುಲ್ಲನ್ನು ಕತ್ತರಿಸಿ ತೂಗುವ ಆಸೆ ಬೇಡ. ಜಗತ್ತಿನ ಸರಾಸರಿಯಲ್ಲಿ ಜೀವಂತ ಕಡಲಹುಲ್ಲಿನಲ್ಲಿರುವುದು ಹೆಕ್ಟೇರಿಗೆ ಸುಮಾರು 2.5 ಟನ್ ಇಂಗಾಲ. ಅದರಲ್ಲೂ ಮೂರರಲ್ಲಿ ಎರಡು ಪಾಲು ನೆಲದ ಕೆಳಗಿನ ಬೇರು, ಗಡ್ಡೆಯಲ್ಲಿ. ಮಣ್ಣಿನ 108 ಟನ್ ಎದುರಿಗೆ ಇದು ಎಷ್ಟು ಚಿಕ್ಕದು ನೋಡಿ.

ಹಂತ 7: ಒಣಗಿಸುವುದು, ಸುಡುವುದು

5 ಸೆಂ.ಮೀ. ತುಂಡನ್ನು ಪೂರ್ತಿಯಾಗಿ 60 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಇಡಿ. ಎರಡು-ಮೂರು ದಿನ ಬೇಕಾಗುತ್ತದೆ. ಮತ್ತೆ ಮತ್ತೆ ತೂಗಿ, ತೂಕ ಬದಲಾಗದೆ ನಿಂತಾಗ ಬರೆದುಕೊಳ್ಳಿ. ಆಮೇಲೆ ದೊಡ್ಡ ಚಿಪ್ಪು ತೆಗೆದು, ಅರೆದು ಪುಡಿ ಮಾಡಿ. ತೆಗೆದ ಚಿಪ್ಪಿನ ತೂಕವನ್ನೂ ಬರೆಯಿರಿ.

ಚಿಪ್ಪಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಘನಾಶಿನಿಯಲ್ಲಿ ಬಳಚಿನ ಚಿಪ್ಪು ರಾಶಿ ರಾಶಿ. ಚಿಪ್ಪಿನಲ್ಲೂ ಇಂಗಾಲ ಇದೆಯಲ್ಲ, ಅದನ್ನೂ ಸೇರಿಸೋಣ ಅನಿಸುತ್ತದೆ. ಸೇರಿಸಬಾರದು. ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್‌ನಿಂದ ಚಿಪ್ಪು ಕಟ್ಟುವಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ನಾವು ಎಣಿಸುತ್ತಿರುವುದು ಗಿಡಗಳು ಗಾಳಿಯಿಂದ ಹೀರಿದ ಸಾವಯವ ಇಂಗಾಲ. ಪುಡಿಯ ಮೇಲೆ ಒಂದು ಹನಿ ದುರ್ಬಲ ಆಮ್ಲ ಬಿಡಿ. ನೊರೆ ಬಂದರೆ ಚಿಪ್ಪಿನ ಪುಡಿ ಉಳಿದಿದೆ ಅಂತ ಅರ್ಥ. ಯಂತ್ರದಲ್ಲಿ ಇಂಗಾಲ ಅಳೆಯುವುದಾದರೆ ಮೊದಲು ಆಮ್ಲದಲ್ಲಿ ಅದನ್ನು ಕರಗಿಸಲೇಬೇಕು.

ಸುಡುವ ವಿಧಾನ ಸರಳ. ಸಾವಯವ ವಸ್ತು ಸುಟ್ಟು ಹೋಗುತ್ತದೆ, ಇಳಿದ ತೂಕದಿಂದ ಅದು ಎಷ್ಟಿತ್ತು ಅಂತ ಅಂದಾಜು ಮಾಡುತ್ತೇವೆ. ಖಾಲಿ ಪಿಂಗಾಣಿ ಬಟ್ಟಲು ತೂಗಿ, 5 ಗ್ರಾಂ ಒಣ ಪುಡಿ ಹಾಕಿ, ಮಫಲ್ ಕುಲುಮೆಯಲ್ಲಿ 450 ಡಿಗ್ರಿಯಲ್ಲಿ 8 ಗಂಟೆ ಇಡಿ. ತೇವ ಹೀರದ ಹಾಗೆ ಡೆಸಿಕೇಟರ್‌ನಲ್ಲಿ ತಣಿಸಿ ತೂಗಿ. 5.00 ಗ್ರಾಂ ಇದ್ದದ್ದು 4.60 ಆದರೆ ಸುಟ್ಟು ಹೋದದ್ದು 8%. ಕಪ್ಪು ಪುಡಿ ಹೊರಬರುವಾಗ ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗಿರುತ್ತದೆ, ಏಕೆಂದರೆ ನಮ್ಮ ಹೊಳೆಗಳು ತರುವುದು ಜಂಬಿಟ್ಟಿಗೆ ಮಣ್ಣು.

ಆ ಕೆಂಪು ಬಣ್ಣದಲ್ಲಿ ಒಂದು ಎಚ್ಚರಿಕೆಯೂ ಇದೆ. ಜಂಬಿಟ್ಟಿಗೆಯಿಂದ ಬರುವ ಗಿಬ್‌ಸೈಟ್ ಎಂಬ ಖನಿಜ ಸುಮಾರು 300 ಡಿಗ್ರಿಯಲ್ಲೇ ತನ್ನೊಳಗಿನ ನೀರನ್ನು ಕಳೆದುಕೊಳ್ಳುತ್ತದೆ. ಕೆಯೊಲಿನೈಟ್ ಜೇಡಿಯೂ 450 ಡಿಗ್ರಿ ದಾಟುತ್ತಿದ್ದಂತೆ ನೀರು ಬಿಡುತ್ತದೆ. ತೂಕ ಇಳಿದದ್ದೆಲ್ಲ ಸಾವಯವ ವಸ್ತು ಅಂತ ಹಿಡಿದರೆ ನಮ್ಮ ಕರಾವಳಿಯ ಕೆಸರಿಗೆ ಇಲ್ಲದ ಇಂಗಾಲ ಕೊಟ್ಟ ಹಾಗಾಗುತ್ತದೆ. ಅದಕ್ಕೆ ಪ್ರತಿ ಐದು ಮಾದರಿಯಲ್ಲಿ ಒಂದನ್ನು ಇಂಗಾಲ ಅಳೆಯುವ ಯಂತ್ರವಿರುವ ಪ್ರಯೋಗಾಲಯಕ್ಕೆ ಕಳಿಸಿ. ಎರಡೂ ಅಂಕಿಗಳನ್ನು ಗ್ರಾಫ್ ಮೇಲೆ ಇಟ್ಟು ನಿಮ್ಮ ಅಳಿವೆಯದ್ದೇ ಆದ ಗೆರೆ ಎಳೆಯಿರಿ. ಕೃಷಿ ಮಣ್ಣು ಪರೀಕ್ಷೆಯಲ್ಲಿ ಬಳಸುವ ವಾಕ್ಲಿ-ಬ್ಲ್ಯಾಕ್ ವಿಧಾನ ಅಗ್ಗ. ಆದರೆ ಉಪ್ಪುಮಣ್ಣಿನ ಕ್ಲೋರೈಡ್ ಅದರಲ್ಲಿ ಅಂಕಿಯನ್ನು ಏರಿಸುತ್ತದೆ. ಸಿಲ್ವರ್ ಸಲ್ಫೇಟ್ ಹಾಕಿ ಸರಿಪಡಿಸಿ ಅಂತ ಪ್ರಯೋಗಾಲಯದವರಿಗೆ ಮೊದಲೇ ಹೇಳಿ.

ಹಂತ 8: ಲೆಕ್ಕ

ಇಲ್ಲಿನ ಅಂಕಿಗಳು ವಿಧಾನ ತೋರಿಸಲು ನಾನು ಇಟ್ಟುಕೊಂಡವು. ಅಘನಾಶಿನಿಯ ಅಳತೆಗಳಲ್ಲ. ಹುಲ್ಲಿನ ಜೌಗಿನ 15-30 ಸೆಂ.ಮೀ. ಪದರವನ್ನು ತೆಗೆದುಕೊಳ್ಳೋಣ.

ಮೊದಲು ಸಾಂದ್ರತೆ. 5 ಸೆಂ.ಮೀ. ವ್ಯಾಸ, 5 ಸೆಂ.ಮೀ. ಉದ್ದದ ತುಂಡಿನ ಗಾತ್ರ 3.14 × 2.5 × 2.5 × 5 = ಸುಮಾರು 98.2 ಘನ ಸೆಂ.ಮೀ. ಅದು ಕುಗ್ಗಿದ ಗಾತ್ರ. ನೆಲದಲ್ಲಿದ್ದಾಗಿನ ಗಾತ್ರ 98.2 ÷ 0.88 = 111.6. ಒಣ ತೂಕ 78 ಗ್ರಾಂ. ಸಾಂದ್ರತೆ 78 ÷ 111.6 = ಘನ ಸೆಂ.ಮೀ.ಗೆ 0.70 ಗ್ರಾಂ. ಕುಗ್ಗಿದ್ದನ್ನು ಮರೆತಿದ್ದರೆ 0.79 ಬರುತ್ತಿತ್ತು.

ಆಮೇಲೆ ಇಂಗಾಲದ ಶೇಕಡಾ. ಸುಟ್ಟುಹೋದ 8% ಪೂರ್ತಿ ಇಂಗಾಲವಲ್ಲ. ಜೌಗಿಗೆ ಬಹಳ ಬಳಕೆಯಲ್ಲಿರುವ 1991ರ ಸೂತ್ರ ಇದು: 0.40 × ಸುಟ್ಟ ಶೇಕಡಾ + 0.0025 × ಸುಟ್ಟ ಶೇಕಡಾದ ವರ್ಗ. ಅಂದರೆ 3.20 + 0.16 = 3.36%.

ಇದೇ ಮಣ್ಣಿಗೆ ಪೆಸಿಫಿಕ್ ಸಾಗರದ ಪಲಾವು ದ್ವೀಪದ ಕಾಂಡ್ಲಾ ಮಣ್ಣಿನಿಂದ ಬಂದ ಸೂತ್ರ ಹಾಕಿದರೆ 0.415 × 8 + 2.89 = 6.21% ಬರುತ್ತದೆ! ಅದೇ ಕೆಸರು, ಅದೇ ಕುಲುಮೆ, ಉತ್ತರ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಆ ಸೂತ್ರದಲ್ಲಿ ಏನೂ ಸುಡದಿದ್ದರೂ 2.89% ಇಂಗಾಲ ಇದೆ ಅಂತ ಬರುತ್ತದೆ. ಸಾವಯವ ವಸ್ತು ತುಂಬಿದ ಮಣ್ಣಿಗೆ ಮಾಡಿದ್ದನ್ನು ಜೇಡಿ ಜಾಸ್ತಿ ಇರುವ ಮಣ್ಣಿಗೆ ಹಾಕಬಾರದು. ಯಾರಾದರೂ ದೊಡ್ಡ ಅಂಕಿ ತಂದು ತೋರಿಸಿದರೆ ನಾನು ಮೊದಲು ಕೇಳುವುದು, ಯಾವ ಸೂತ್ರ ಬಳಸಿದಿರಿ ಅಂತ.

ಮುಂದೆ, 0.70 × 0.0336 = 0.02352 ಗ್ರಾಂ ಇಂಗಾಲ, ಒಂದು ಘನ ಸೆಂ.ಮೀ.ನಲ್ಲಿ. ಪದರದ ದಪ್ಪ 15 ಸೆಂ.ಮೀ. ಗುಣಿಸಿದರೆ 0.353. ಚದರ ಸೆಂ.ಮೀ.ಗೆ 1 ಗ್ರಾಂ ಅಂದರೆ ಹೆಕ್ಟೇರಿಗೆ 100 ಟನ್. ಹಾಗಾಗಿ ಈ ಪದರದಲ್ಲಿ ಹೆಕ್ಟೇರಿಗೆ 35.3 ಟನ್.

ಉಳಿದ ಪದರಗಳಿಗೂ ಹೀಗೇ ಮಾಡಿ. 0-15ರಲ್ಲಿ ಸಾಂದ್ರತೆ 0.62, ಇಂಗಾಲ 3.8% ಆದರೆ 35.3 ಟನ್. 30-50ರಲ್ಲಿ 0.82 ಮತ್ತು 2.5% ಆದರೆ 41 ಟನ್. 50-100ರಲ್ಲಿ 0.95 ಮತ್ತು 1.7% ಆದರೆ 80.8 ಟನ್. ಒಟ್ಟು ಸುಮಾರು 192 ಟನ್. ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ 44/12ರಿಂದ ಗುಣಿಸಿ, ಹೆಕ್ಟೇರಿಗೆ ಸುಮಾರು 705 ಟನ್.

ಕೊನೆಯ ಪದರವನ್ನು ಇನ್ನೊಮ್ಮೆ ನೋಡಿ. ಇಂಗಾಲದ ಶೇಕಡಾ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಆದರೂ ಒಟ್ಟು ದಾಸ್ತಾನಿನ 42% ಅಲ್ಲೇ ಇದೆ, ಏಕೆಂದರೆ ಅದು ದಪ್ಪ, ಭಾರ. ಕೃಷಿ ಮಣ್ಣಿನ ಅಭ್ಯಾಸದಂತೆ 30 ಸೆಂ.ಮೀ.ಗೆ ನಿಲ್ಲಿಸಿದ್ದರೆ ಮೂರರಲ್ಲಿ ಎರಡು ಪಾಲಿಗೆ ಹತ್ತಿರದಷ್ಟು ತಪ್ಪಿಹೋಗುತ್ತಿತ್ತು. ಅಗೆಯುವ ಯಂತ್ರ ಬಂದಾಗ ಮೇಲಕ್ಕೆ ಬರುವುದು ಈ ತಳದ ಕೆಸರೇ.

ಮೂರು ಅಥವಾ ಐದು ಕೊಳವೆಗಳ ಸರಾಸರಿಯ ಜೊತೆಗೆ ಅವುಗಳ ನಡುವಿನ ಏರಿಳಿತವನ್ನೂ ಬರೆಯಿರಿ. ಆಮೇಲೆ ಪ್ರತಿ ಭಾಗದ ವಿಸ್ತಾರದಿಂದ ಗುಣಿಸಿ ಕೂಡಿಸಿ. ಕಾಂಡ್ಲಾ ಮರಗಳನ್ನೂ ಸೇರಿಸುವುದಾದರೆ ಎದೆಮಟ್ಟದ ವ್ಯಾಸ ಅಳೆದು ಬೇರೆ ಸೂತ್ರ ಹಾಕಬೇಕು. ಊರುಗೋಲು ಬೇರುಗಳಿರುವ ಜಾತಿಯಲ್ಲಿ ಅತಿ ಮೇಲಿನ ಬೇರಿನಿಂದ 30 ಸೆಂ.ಮೀ. ಎತ್ತರದಲ್ಲಿ ಅಳೆಯುತ್ತಾರೆ.

ಹಂತ 9: ವರ್ಷಕ್ಕೆ ಎಷ್ಟು ಸೇರುತ್ತದೆ?

ಇದಕ್ಕೆ ಕೆಸರಿನ ವಯಸ್ಸು ಬೇಕು. ಸೀಸ-210 ಎಂಬ ವಿಕಿರಣಶೀಲ ಧಾತುವಿನ ಅರ್ಧಾಯುಷ್ಯ ಸುಮಾರು 22 ವರ್ಷ. ಅದನ್ನು ಪದರ ಪದರವಾಗಿ ಅಳೆದು ಸುಮಾರು 100 ವರ್ಷದವರೆಗಿನ ವಯಸ್ಸು ಹೇಳುತ್ತಾರೆ. ಅದು ದೊಡ್ಡ ಪ್ರಯೋಗಾಲಯದ ಕೆಲಸ.

ನೀವು ಮಾಡಬಹುದಾದದ್ದು ಬಿಳಿ ಪದರದ ವಿಧಾನ. ಇಳಿತದಲ್ಲಿ ಅರ್ಧ ಮೀಟರ್ ಚೌಕದ ಮೇಲೆ ಬಿಳಿ ಫೆಲ್ಡ್‌ಸ್ಪಾರ್ ಪುಡಿಯನ್ನು ಬೆರಳ ದಪ್ಪಕ್ಕೆ ಹರಡಿ. ನಾಲ್ಕು ಮೂಲೆಗೆ ಗೂಟ. ಒಂದು ಮಳೆಗಾಲ ಕಳೆದ ಮೇಲೆ ಹೋಗಿ ಚಾಕುವಿನಿಂದ ಚಿಕ್ಕ ತುಂಡು ಕತ್ತರಿಸಿ. ಕೇಕಿನ ಪದರದ ಹಾಗೆ ಕಂದು ಕೆಸರಿನ ಕೆಳಗೆ ಬಿಳಿ ಗೆರೆ ಕಾಣುತ್ತದೆ. ಅದರ ಮೇಲಿನ ದಪ್ಪವೇ ಆ ವರ್ಷ ಸೇರಿದ್ದು.

ಮೀಥೇನ್ ಬಗ್ಗೆಯೂ ಒಂದು ಮಾತು. ಉಪ್ಪು ಜಾಸ್ತಿ ಇದ್ದರೆ, ಅಂದರೆ ಸಾವಿರಕ್ಕೆ 18 ಭಾಗಕ್ಕಿಂತ ಹೆಚ್ಚಿದ್ದರೆ, ಮೀಥೇನ್ ಬರುವುದು ತೀರಾ ಕಡಿಮೆ. ನಮ್ಮ ಅಳಿವೆಗಳಲ್ಲಿ ಮಳೆಗಾಲದಲ್ಲಿ ನೀರು ಸಿಹಿಯಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಉಪ್ಪಿನ ಅಂಶ ಅಳೆದು ಬರೆದಿಡಿ.

ಹಂತ 10: ಅಂಕಿ ಕೈಗೆ ಬಂದ ಮೇಲೆ

192 ಟನ್ ಇದೆ ಅಂದ ಮಾತ್ರಕ್ಕೆ ಅದು ಮಾರುವ ಕಾರ್ಬನ್ ಕ್ರೆಡಿಟ್ (ಇಂಗಾಲ ಹಿಡಿದಿಟ್ಟದ್ದಕ್ಕೆ ಸಿಗುವ, ಮಾರಬಹುದಾದ ಪತ್ರ) ಅಲ್ಲ. ಆಗಲೇ ಇರುವ ದಾಸ್ತಾನಿಗೆ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಹೊಸದಾಗಿ ಸೇರಿಸಿದ್ದಕ್ಕೆ ಅಥವಾ ಖಂಡಿತ ಹಾಳಾಗಲಿದ್ದದ್ದನ್ನು ಉಳಿಸಿದ್ದಕ್ಕೆ ಮಾತ್ರ ಕೊಡುತ್ತಾರೆ. ಊರಿಗೆ ಬಂದು ಲಕ್ಷಗಳ ಆಸೆ ತೋರಿಸುವವರಿಗೆ ಈ ಪ್ರಶ್ನೆ ಕೇಳಿ.

ಈ ಅಂಕಿಯ ನಿಜವಾದ ಬಳಕೆ ಬೇರೆ. ಒಂದು ಕಟ್ಟು, ಒಂದು ಬಂದರು, ಒಂದು ಸಿಗಡಿ ಕೆರೆಯ ಯೋಜನೆ ಬಂದಾಗ ಎಷ್ಟು ಹೆಕ್ಟೇರ್ ಕೆಸರು ಅಗೆಯುತ್ತಾರೆ, ಎಷ್ಟು ಆಳ ಅಂತ ಕೇಳಿ, ನಿಮ್ಮ ಅಂಕಿಯಿಂದ ಗುಣಿಸಿ ಮುಂದಿಡಬಹುದು. ಸಸಿ ನೆಡುವ ಮೊದಲು ನೀರಿನ ದಾರಿ ಬಿಡಿಸಿ ಅಂತ ಕೇಳಲೂ ಇದು ಆಧಾರ. ಕಟ್ಟಿನ ತೂಬು ತೆರೆದು ಉಬ್ಬರದ ನೀರು ಮತ್ತೆ ಬರುವಂತೆ ಮಾಡಿದರೆ ಕಾಂಡ್ಲಾ ಬೀಜಗಳು ಎಷ್ಟೋ ಕಡೆ ತಾವೇ ತೇಲಿ ಬಂದು ಊರಿಕೊಳ್ಳುತ್ತವೆ. ಗಜನಿ ಯಾರ ಅನ್ನವೋ ಅವರನ್ನು ಕೇಳದೆ ತೂಬು ಮುಟ್ಟಬೇಡಿ.

ಪ್ರತಿ ಕೊಳವೆಯ ಜಿಪಿಎಸ್ ಗುರುತು, ದಿನಾಂಕ, ಕುಗ್ಗಿದ ಪ್ರಮಾಣ, ಬಳಸಿದ ಸೂತ್ರ ಇವುಗಳ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಡಿ, ಒಂದನ್ನು ಹತ್ತಿರದ ಶಾಲೆಗೆ. ಉಳಿದ ಒಣ ಪುಡಿಯನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಪೆನ್ಸಿಲ್ ಚೀಟಿಯ ಸಮೇತ ಇಡಿ. ಐದು ವರ್ಷ ಬಿಟ್ಟು ಅದೇ ಜಿಪಿಎಸ್ ಗುರುತುಗಳ ಹತ್ತಿರ, ಅದೇ ತಿಂಗಳಲ್ಲಿ, ಅದೇ ವ್ಯಾಸದ ಕೊಳವೆ ಹಿಡಿದು ಮತ್ತೆ ಇಳಿಯಿರಿ.